ಹಾಯ್‌ಫಾಂಗಿಗೆ ನಾನೂರು ಪೆಟ್ಟಿಗೆ

ಗುಡಾಣದ ಬಾಯಿ ನನ್ನ ಭುಜದಳತೆಗೆ ಸರಿಯಾಗಿದೆ.
ಅದಕ್ಕೇ ಈ ಕೆಲಸ ನನ್ನದು:
ಕೈ ಮೇಲೆತ್ತಿ, ಉಸಿರು ಹಿಡಿದು, ನೆಲದೊಳಕ್ಕೆ ಇಳಿಯುವುದು,
ಚೆರ್ರಿ ತೊಗಟೆಯ ಕುಂಚದಲ್ಲಿ
ಹೋದ ವರ್ಷವನ್ನು ತಿಕ್ಕಿ ತಿಕ್ಕಿ ತೊಳೆಯುವುದು.
ಮೂವತ್ತೊಂದು ವರ್ಷದಿಂದ ಇಳಿಯುತ್ತಿದ್ದೇನೆ.
ಹೊಟ್ಟೆ ಬಂದರೆ ಕೆಲಸ ಹೋದೀತೆಂದು
ರಾತ್ರಿ ರೊಟ್ಟಿಯಲ್ಲಿ ಒಂದು ಚೂರು ಉಳಿಸುತ್ತೇನೆ.

ಒಳಗಿನಿಂದ ಲೋಕವೆಂದರೆ ಒಂದು ಬಿಲ್ಲೆ ಆಕಾಶ,
ಮತ್ತೆ ತ್ಸಿಯಾಲಾಳ ದನಿ.
ಅವಳು ಲೆಕ್ಕದವಳು. ಅಂಚಿನಲ್ಲಿ ಕೂತು ಓದುತ್ತಾಳೆ,
ನಾನು ಬಾವಿಕಪ್ಪೆ, ಕೇಳುತ್ತೇನೆ.
"ಮೊದಲ ವರ್ಷ ಹನ್ನೆರಡು ಬಾಟಲಿ,
ಗೋಚಾನ ಸೂಟ್‌ಕೇಸಿನಲ್ಲಿ, ನಿನ್ನ ಉಣ್ಣೆಯ ಕಾಲುಚೀಲ ತೊಡಿಸಿ.
ಒಂದು ಒಡೆಯಿತು.
ಆಮೇಲಿನ ವರ್ಷ ನಲವತ್ತು ಪೆಟ್ಟಿಗೆ. ಆಮೇಲೆ ನೂರ ಎಪ್ಪತ್ತು.
ಈ ಸಲ ನಾನೂರು! ಮಾಲ್ಖಜ್, ಕೇಳಿಸಿತೇ?
ಹಾಯ್‌ಫಾಂಗಿಗೆ ನಾನೂರು!"
ನೂರು, ನೂರು, ಊರು, ಅಂದಿತು ಗುಡಾಣ.
ಮಣ್ಣಿಗೆ ಎಂದೂ ಮಾತಿನ ಬಾಲವಷ್ಟೇ ಕೇಳಿಸುವುದು.

ಮಗಳ ಭೂಪಟದಲ್ಲಿ ಅಳೆದಿದ್ದೇನೆ.
ನಮ್ಮ ಅಲಜಾನಿ ಬಯಲಿನಿಂದ ಪೋತಿ ಬಂದರಿಗೆ ಒಂದು ಉಗುರು.
ಅಲ್ಲಿಂದ ಮುಂದೆ ಒಂದು ಗೇಣು,
ನಡುವೆ ಮರಳಿನಲ್ಲಿ ಗೀರಿದ ಕಾಲುವೆ,
ಕಾದ ಕಬ್ಬಿಣದ ಡಬ್ಬಿ, ಐವತ್ತು ದಿನ.
ಆರು ತಿಂಗಳು ನೆಲದ ತಂಪಿನಲ್ಲಿ ಮಲಗಿದ್ದದ್ದು
ಅಷ್ಟು ಬಿಸಿಲು ಹೇಗೆ ತಡೆದೀತು, ಕೇಳಿದೆ.
ವಿಮೆ ಇದೆ, ಅಂದ ಗೋಚಾ.

ಕೊಳ್ಳುವಾಕೆ ಬಿಕ್ ದಾವ್. ಒಮ್ಮೆ ಬಂದಿದ್ದಳು,
ಹಿಮ ಕರಗುವ ಹೊತ್ತಿಗೆ, ಬಿಳಿ ಶೂಸಿಗೆ ಕೆಸರು ಮೆತ್ತಿಕೊಂಡು.
ಜೇನುಬಣ್ಣದ್ದನ್ನು ಒಂದು ಗುಟುಕು ಕುಡಿದು ಏನೋ ಅಂದಳು.
ದುಭಾಷಿ ತಡವರಿಸಿದ:
"ಆರಿದ ಚಹಾದ ಹಾಗಿದೆ ಅನ್ನುತ್ತಾರೆ. ಆದರೆ, ಅದು, ಹೊಗಳಿಕೆ."
ಊಟದಲ್ಲಿ ಗೋಚಾ ಎದ್ದು ನಿಂತು
ಸತ್ತವರಿಗೆ, ನೆಲಕ್ಕೆ, ಇನ್ನೂ ಹುಟ್ಟದವರಿಗೆ ಎಂದು
ಹನ್ನೊಂದು ಸಲ ಮಾತಾಡಿ ಕುಡಿದ.
ಹನ್ನೊಂದು ಸಲವೂ ಆಕೆ ಎದ್ದು ನಿಂತಳು.
ಹನ್ನೆರಡನೆಯದು ಆಕೆಯದೇ:
"ನಮ್ಮಜ್ಜಿ ಅಕ್ಕಿಯ ಮದ್ಯವನ್ನು ಜಾಡಿಗೆ ತುಂಬಿ
ಕೊಳದ ಕೆಸರಿನಲ್ಲಿ ಹೂಳುತ್ತಿದ್ದಳು.
ಒಂದು ರಾತ್ರಿ ವಿಮಾನ ಬಂತು, ಕೊಳವೇ ಹೋಯಿತು."
ಯಾರೂ ಬಟ್ಟಲು ಕೆಳಗಿಡಲಿಲ್ಲ.
ವ್ಯಾಪಾರ ಕುದುರಿದ್ದು ಆಗಲೇ ಅನ್ನುತ್ತಾಳೆ ತ್ಸಿಯಾಲಾ,
ಬೆಲೆ ಮಾತಾಡಿದ್ದು ಮರುದಿನವಾದರೂ.

ಈಗ ಅವರ ಕಾಗದ ಬಂದಿದೆ.
ಪೆಟ್ಟಿಗೆ ಕೆಂಪಾಗಿರಲಿ, ಚಿನ್ನದ ಅಂಚಿರಲಿ,
ಹೊಸವರ್ಷದ ಉಡುಗೊರೆಗೆ, ಒಳಗೆ ಜೋಡಿ, ಒಂಟಿ ಬೇಡ.
ತಳದಲ್ಲಿ ಗಸಿ ಇಲ್ಲದಿದ್ದರೆ ಗಿರಾಕಿಗೆ ಹಿತ.
ಮುಂದಿನ ಸಲ ಎರಡು ಸಾವಿರ ಆದೀತೇ?

ಎರಡು ಸಾವಿರಕ್ಕೆ ಗುಡಾಣವೆಲ್ಲಿ?
ಸುತ್ತಲ ಏಳು ಹಳ್ಳಿಗೆ ಉಳಿದಿರುವವನು ಒಬ್ಬನೇ ಮಣ್ಣಿನವನು,
ದಿನಕ್ಕೆ ಒಂದು ಗೇಣು ಏರಿಸುತ್ತಾನೆ,
ಕೆಳಗಿನದು ಒಣಗದೆ ಮೇಲಿನದಕ್ಕೆ ಕೈ ಹಚ್ಚುವುದಿಲ್ಲ.
ಗೋಚಾ ಉಕ್ಕಿನ ಟ್ಯಾಂಕಿನ ಬೆಲೆ ವಿಚಾರಿಸಿದ್ದಾನೆ.
ಪೈಪು ಬಿಟ್ಟರೆ ತಾನೇ ತೊಳೆದುಕೊಳ್ಳುತ್ತದಂತೆ,
ಯಾರೂ ಇಳಿಯಬೇಕಿಲ್ಲವಂತೆ.
ಇದನ್ನು ಹೇಳುವಾಗ ಅವನು ದ್ರಾಕ್ಷಿಚಪ್ಪರ ನೋಡುತ್ತಿದ್ದ.

ಕಾಗದದ ಹಿಂಬದಿಯಲ್ಲಿ ಕೈಬರಹದ ನಾಲ್ಕು ಸಾಲು.
ತ್ಸಿಯಾಲಾ ಅದನ್ನು ಮೆಲ್ಲಗೆ ಓದಿದಳು, ಆದರೂ ಗುಡಾಣ ಬಿಡಲಿಲ್ಲ.
ಅಲ್ಲಿ ಉಡುಗೊರೆ ಕೈಯಿಂದ ಕೈಗೆ ನಡೆಯುತ್ತದಂತೆ:
ಡಾಕ್ಟರಿಂದ ಹೆಡ್‌ಮಾಸ್ತರಿಗೆ, ಅವರಿಂದ ಬೀಗರಿಗೆ,
ಬೀಗರಿಂದ ಬ್ಯಾಂಕಿನವನಿಗೆ, ಯಾರೂ ತೆರೆಯದೆ.
ಮೊದಲ ಹನ್ನೊಂದರಲ್ಲಿ ಒಂದು
ಮೂರು ವರ್ಷ ಊರೆಲ್ಲ ಸುತ್ತಿ
ಈ ಹಬ್ಬಕ್ಕೆ ಬಿಕ್ ದಾವಳ ಬಾಗಿಲಿಗೇ ಬಂತಂತೆ.
ಗುರುತು ಸಿಕ್ಕಿದ್ದು ಮೇಣಕ್ಕೆ ಅಂಟಿದ್ದ ಬೂದಿಬಣ್ಣದ ಉಣ್ಣೆಯೆಳೆಯಿಂದ.
"ತೆರೆದೆ. ಅಮ್ಮನೂ ನಾನೂ.
ತಳದಲ್ಲಿ ಗಸಿ ಇತ್ತು. ಚೆಲ್ಲಲಿಲ್ಲ."

ಮೇಲೆ ಬಿಲ್ಲೆಯ ಆಕಾಶದಲ್ಲಿ ಅವಳ ಮುಖ,
ಏನಾದರೂ ಹೇಳುತ್ತೀಯಾ, ಉತ್ತರ ಬರೆಯಬೇಕು.
ಕಾಲುಚೀಲ ವಾಪಸು ಬರಲಿಲ್ಲವೆಂದು ಬರೆ, ಅಂದೆ.
ಮತ್ತೆ, ಇನ್ನೊಂದು ಕೊಡ ನೀರು ಬಿಡು,
ಈ ಮೂಲೆ ಇನ್ನೂ ಹುಳಿ ನಾರುತ್ತಿದೆ.